ನಮಗೆ ಬೇಕಾದವರ ತೋಟ

ಗಡಿಯಾರ ರಿಪೇರಿಯವನು ಆ ಮಾತನ್ನು ಬೇಕೆಂದು ಆಡಿದ್ದಲ್ಲ. ಊರಾಚೆ ಒಂದು ತೋಟದಲ್ಲಿ ಹೊಸ ಊಟದ ಮನೆ ಶುರುವಾಗಿದೆ, ಅಲ್ಲೇ ಬೆಳೆದದ್ದನ್ನು ಅಲ್ಲೇ ಬೇಯಿಸಿ ಬಡಿಸುತ್ತಾರೆ, ಆದರೆ ಇರುವುದು ನಾಲ್ಕೇ ಮೇಜು, ಗುರುತಿನವರಿಲ್ಲದಿದ್ದರೆ ಜಾಗ ಸಿಗುವುದಿಲ್ಲ ಎಂದು ಪಕ್ಕದಂಗಡಿಯ ದರ್ಜಿ ವರ್ಣಿಸುತ್ತಿದ್ದ. ರಿಟೈರಾದ ಭೂಗೋಳದ ಮೇಷ್ಟ್ರು ಬಾಯಿ ಚಪ್ಪರಿಸುತ್ತ ಕೇಳುತ್ತಿದ್ದರು. ಕೈಗಡಿಯಾರವೊಂದರ ಹೊಟ್ಟೆ ಬಗೆಯುತ್ತ ಕೂತಿದ್ದ ಇವನು ತಲೆಯೆತ್ತದೆಯೇ, "ಆ ತೋಟದವರಾ? ನಮಗೆ ಬೇಕಾದವರೇ," ಎಂದುಬಿಟ್ಟ.

ಅಷ್ಟೇ ಸಾಕಾಯಿತು. ಭಾನುವಾರ ಮಧ್ಯಾಹ್ನ ದರ್ಜಿ ತನ್ನ ಹಳೇ ಕಾರನ್ನು ತಂದು ನಿಲ್ಲಿಸಿದ. ಹಿಂದಿನ ಸೀಟಿನಲ್ಲಿದ್ದ ಗುಂಡುಸೂಜಿಗಳ ನಡುವೆ ಜಾಗ ಹುಡುಕಿ ಕೂತ ಗಡಿಯಾರದವನು, ತೋಟದ ಬಾಗಿಲು ಹಾಕಿರಲಿ ಎಂದು ದಾರಿಯುದ್ದಕ್ಕೂ ಬೇಡಿಕೊಂಡ.

ಬಾಗಿಲು ಹಾರು ಹೊಡೆದಿತ್ತು. ಹೆಂಚಿನ ಮಾಡಿನ ಕೆಳಗೆ ನಾಲ್ಕು ಮರದ ಮೇಜು, ಕಿಟಕಿಯಲ್ಲಿ ಹೂವಿನ ಕುಂಡ, ಒಳಗಿನಿಂದ ಬಿಸಿ ಬ್ರೆಡ್ಡಿನ ವಾಸನೆ. ಮೂರು ಮೇಜು ಆಗಲೇ ತುಂಬಿದ್ದವು.

"ನೀವು ಇಲ್ಲೇ ಇರಿ, ನಾನೊಂದು ಮಾತು ಹೇಳಿ ಬರ್ತೀನಿ," ಎಂದವನೇ ಗಡಿಯಾರದವನು ಹಿತ್ತಲಿಗೆ ಓಡಿದ. ಅಲ್ಲಿ ಹುಲ್ಲಿನ ಟೋಪಿ ಹಾಕಿಕೊಂಡ ಹೆಂಗಸೊಬ್ಬಳು ಬಗ್ಗಿ ಕ್ಯಾರೆಟ್ ಕೀಳುತ್ತಿದ್ದಳು.

"ಈ ತೋಟ ನಿಮ್ಮದೇನಮ್ಮಾ?"

ಅವಳು ನೆಟ್ಟಗೆ ನಿಂತು ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಹೌದು."

"ಒಂದು ಉಪಕಾರ ಆಗ್ಬೇಕು. ನೀವು ನನಗೆ ಬೇಕಾದವರು ಅಂತ ಸ್ನೇಹಿತರ ಹತ್ರ ಬಾಯಿತಪ್ಪಿ ಹೇಳ್ಬಿಟ್ಟಿದ್ದೀನಿ. ಅವರ ಮುಂದೆ ಪರಿಚಯ ಇದ್ದ ಹಾಗೆ ಒಂದು ಮಾತು ಆಡಿದ್ರೆ ನನ್ನ ಮಾನ ಉಳಿಯುತ್ತೆ."

ಅವಳು ಕ್ಯಾರೆಟ್ಟಿನ ಮಣ್ಣು ಕೊಡವಿದಳು. "ಬರೀ ಪರಿಚಯ ಸಾಕಾ? ಭಾವ ಅಂತ ಕರೆದ್ರೆ ಆಗುತ್ತಾ?"

"ಇನ್ನೂ ಒಳ್ಳೇದು," ಎಂದ ಅವನು. ಎಂಥ ದೊಡ್ಡ ಮನಸ್ಸು ಎಂದುಕೊಂಡ.

ಹೊರಗೆ ಬಂದವಳು ನಾಲ್ಕನೇ ಮೇಜನ್ನು ತಾನೇ ಒರೆಸಿದಳು. "ಭಾವ ಬಂದಿರೋದು ಅಪರೂಪ. ನೀವು ಆರಾಮಾಗಿ ಕೂತ್ಕೊಳ್ಳಿ," ಎಂದು ಸ್ನೇಹಿತರನ್ನು ಕೂರಿಸಿದಳು. ದರ್ಜಿಯ ಹುಬ್ಬು ಹಣೆಯ ಮೇಲಕ್ಕೆ ಹೋಯಿತು. ಗಡಿಯಾರದವನು ಕುರ್ಚಿ ಎಳೆದುಕೊಳ್ಳುವಷ್ಟರಲ್ಲಿ ಅವಳು, "ಇದೇನು ಭಾವ, ಹೊರಗಿನವರ ಹಾಗೆ ಕೂತ್ಬಿಟ್ರೆ? ಎರಡು ಸಾಲು ಆಲೂಗಡ್ಡೆ ಅಗೀಬೇಕು, ಬನ್ನಿ," ಎಂದಳು.

ಅವನು ನಕ್ಕ. ಅವಳು ನಗಲಿಲ್ಲ. ಅವನ ಕೈಗೆ ಗುದ್ದಲಿ ಬಂತು.

ಇಪ್ಪತ್ತು ವರ್ಷದಿಂದ ಅಕ್ಕಿಕಾಳಿಗಿಂತ ಸಣ್ಣ ಸ್ಕ್ರೂಗಳನ್ನಷ್ಟೇ ಎತ್ತಿದ ಕೈ ಅದು. ಮೊದಲ ಏಟಿಗೆ ಆಲೂಗಡ್ಡೆ ಎರಡು ಹೋಳಾಯಿತು, ಎರಡನೆಯದಕ್ಕೆ ಅವನ ಸೊಂಟ. ಬುಟ್ಟಿ ತುಂಬಿಸಿ ಬೆವರೊರೆಸಿಕೊಂಡು ಬಂದಾಗ ಸ್ನೇಹಿತರ ಮುಂದೆ ಕುಂಬಳಕಾಯಿ ಸೂಪು ಹಬೆಯಾಡುತ್ತಿತ್ತು.

"ಏನಯ್ಯ, ಸಂಬಂಧ ಅಂದ್ರೆ ಹೀಗಿರಬೇಕು," ಎಂದರು ಮೇಷ್ಟ್ರು. "ಇಷ್ಟು ಸಲಿಗೆ ನನ್ನ ಸ್ವಂತ ಭಾವಮೈದುನನ ಮನೇಲೂ ನನಗಿಲ್ಲ."

"ಭಾವ, ಬಾತುಕೋಳಿಗಳು ಸೊಪ್ಪಿನ ಮಡಿಗೆ ನುಗ್ಗಿವೆ," ಒಳಗಿನಿಂದ ದನಿ ಬಂತು.

ಹನ್ನೊಂದು ಬಾತುಕೋಳಿಗಳು ಅವನನ್ನು ತೋಟದ ಸುತ್ತ ಮೂರು ಸುತ್ತು ಓಡಿಸಿದವು. ಯಾರು ಯಾರನ್ನು ಅಟ್ಟುತ್ತಿದ್ದಾರೆ ಎಂಬುದು ಕೊನೆಕೊನೆಗೆ ಅವನಿಗೂ ಸ್ಪಷ್ಟವಿರಲಿಲ್ಲ. ಮರಳಿ ಬಂದರೆ ಹುರಿದ ಆಲೂಗಡ್ಡೆ, ಎಳೇ ಬೀನ್ಸು, ಬೆಣ್ಣೆ ಸವರಿದ ಬ್ರೆಡ್ಡು ಮೇಜಿಗೆ ಬಂದಿದ್ದವು. ಕೂರಬೇಕೆಂದು ಮೊಣಕಾಲು ಮಡಚಿದ್ದನಷ್ಟೇ, ಪಕ್ಕದ ಮೇಜಿನ ಮುದುಕರೊಬ್ಬರು, "ಭಾವ, ಈ ಕಡೆ ಸ್ವಲ್ಪ ನೀರು," ಎಂದರು. ಮಡಚಿದ ಮೊಣಕಾಲು ಹಾಗೇ ಎದ್ದಿತು.

"ಆಲೂಗಡ್ಡೆ ಬೆಣ್ಣೆ ಕಣೋ," ಎಂದ ದರ್ಜಿ, ತುಂಬಿದ ಬಾಯಲ್ಲಿ. "ನಿನ್ನ ಕೈಗುಣ."

ಎಲ್ಲರ ಊಟ ಮುಗಿದ ಮೇಲೆ ಗಡಿಯಾರದವನು ಅಡುಗೆಮನೆಯ ಕಟ್ಟೆಯ ಮೇಲೆ ಕೂತು, ಪಾತ್ರೆಯ ತಳದ ಸೂಪಿನಲ್ಲಿ ಬ್ರೆಡ್ಡಿನ ತುದಿಯನ್ನು ಅದ್ದಿ ತಿಂದ. ಆದರೂ ಅವನಿಗೆ ಸಮಾಧಾನವೇ ಆಗಿತ್ತು. ಇನ್ನು ಆರು ತಿಂಗಳು ಆ ಓಣಿಯಲ್ಲಿ ಅವನ ಮಾತಿಗೆ ಎದುರಿರುವುದಿಲ್ಲ. ಆ ಹೆಂಗಸು ಎದುರಿಗೆ ಬಂದಾಗ ಎದ್ದು ಕೈಮುಗಿದ.

"ತುಂಬಾ ಉಪಕಾರ ಆಯ್ತಮ್ಮಾ. ಗುರುತು ಪರಿಚಯ ಇಲ್ಲದವನಿಗೋಸ್ಕರ ಇಷ್ಟು ಚೆನ್ನಾಗಿ ಸುಳ್ಳು ಹೇಳಿದ್ರಿ."

"ನಾನೆಲ್ಲಿ ಸುಳ್ಳು ಹೇಳಿದೆ ಭಾವ?" ಅವಳು ಟೋಪಿ ತೆಗೆದಳು. "ನಿಮ್ಮ ಮದುವೇಲಿ ನಿಮ್ಮ ಪಕ್ಕದಲ್ಲೇ ನಿಂತು ಫೋಟೋ ತೆಗೆಸ್ಕೊಂಡಿದ್ದೆ. ನಿಮ್ಮ ಹೆಂಡತಿಯ ಚಿಕ್ಕಮ್ಮನ ಮಗಳು ನಾನು."

ಆ ಫೋಟೋ ಅವನ ಮನೆಯ ನಡುಮನೆಯಲ್ಲಿ ಹನ್ನೆರಡು ವರ್ಷದಿಂದ ತೂಗುತ್ತಿತ್ತು. ಅದರ ಕೆಳಗಿನ ಗೋಡೆ ಗಡಿಯಾರಕ್ಕೆ ವಾರಕ್ಕೊಮ್ಮೆ ತಪ್ಪದೆ ಕೀಲಿ ಕೊಡುತ್ತಿದ್ದವನು ಇವನೇ. ಗಡಿಯಾರದಿಂದ ಒಂದು ಗೇಣು ಮೇಲಕ್ಕೆ ಕಣ್ಣು ಹೋದದ್ದೇ ಇಲ್ಲ.

"ನೀವು ಆಲೂಗಡ್ಡೆ ಅಗೀತಿದ್ದಾಗ ಅಕ್ಕನಿಗೆ ಫೋನ್ ಮಾಡ್ದೆ," ಎಂದಳು ಅವಳು, ಮೊಬೈಲನ್ನು ಅವನ ಮಣ್ಣುಗೈಗೆ ಕೊಡುತ್ತ. "ಈಗ ಅವಳೇ ಮಾಡಿದ್ದಾಳೆ. ನೀವು ನನ್ನ ಗುರುತು ಹಿಡೀಲಿಲ್ಲ ಅನ್ನೋದು ಮಾತ್ರ ನಾನು ಹೇಳಿಲ್ಲ. ಅದು ನಿಮಗೆ ಬಿಟ್ಟದ್ದು."

ಅವನು ಫೋನನ್ನು ಕಿವಿಗಿಟ್ಟುಕೊಂಡ.

"ನನ್ನ ತಂಗಿ ತೋಟ ಮಾಡಿದ್ದಾಳೆ, ಒಂದ್ಸಲ ಹೋಗಿ ಬರೋಣ ಅಂತ ನಾಲ್ಕು ತಿಂಗಳಿಂದ ಬಡ್ಕೋತಿದ್ದೀನಿ," ಎಂದಳು ಹೆಂಡತಿ, ಬಹಳ ಮೆತ್ತಗೆ. ಅವಳು ಮೆತ್ತಗೆ ಮಾತಾಡುವುದು ವರ್ಷಕ್ಕೆ ಎರಡೇ ಸಲ. "ಪ್ರತಿ ಸಲ ಹೂಂ ಅಂತಿದ್ರಿ. ನಿಜ ಹೇಳಿ, ಅವಳ ಗುರುತು ಸಿಕ್ತಾ ಇಲ್ವಾ?"

ಸಿಗಲಿಲ್ಲ ಎಂದರೆ ಅವಳ ತವರಿನವರೆಲ್ಲ ಒಂದಾಗಿ ಮನೆಗೆ ಜಗಳಕ್ಕೆ ಬರುತ್ತಾರೆ. ಅವನು ಬಾಗಿಲಾಚೆ ನೋಡಿದ. ಸ್ನೇಹಿತರಿಬ್ಬರೂ ಹೊಟ್ಟೆ ಸವರಿಕೊಳ್ಳುತ್ತ ಕಾರಿನ ಹತ್ತಿರ ಕಾಯುತ್ತಿದ್ದರು.

"ಸಿಗದೆ ಇರುತ್ತಾ," ಎಂದ. "ನೋಡಿದ ತಕ್ಷಣ ಗುರುತು ಹಿಡಿದೆ."

"ಹೌದಾ," ಎಂದಳು ಹೆಂಡತಿ, ಇನ್ನಷ್ಟು ಮೆತ್ತಗೆ. "ಹಾಗಾದ್ರೆ ಗೊತ್ತಿದ್ದೂ ಗೊತ್ತಿದ್ದೂ ನನ್ನ ತಂಗಿ ಮನೆಗೆ ನನ್ನ ಬಿಟ್ಟು, ಆ ದರ್ಜಿನ ಕರ್ಕೊಂಡು ಊಟಕ್ಕೆ ಹೋದ್ರಿ ಅನ್ನಿ."

ಗಡಿಯಾರದವನು ಫೋನನ್ನು ಕಟ್ಟೆಯ ಮೇಲಿಟ್ಟು, ಮೆಲ್ಲಗೆ ನಾದಿನಿಯ ಕಡೆ ತಿರುಗಿದ.

"ಅಗೆಯೋದು ಇನ್ನೂ ಏನಾದ್ರೂ ಉಳಿದಿದೆಯೇನಮ್ಮಾ?" ಎಂದು ಕೇಳಿದ. "ಸಾಯಂಕಾಲದವರೆಗೂ ಆಗುವಷ್ಟು?"