ಸೆನ್ಸರ್ ಮಾತಾಡ್ಲಿಲ್ಲಂದ್ರ

ವಾರಕ್ಕೊಂದರೆ ರಗಳೆ ಇದ್ದ ಇರತೈತಿ. ಸವದತ್ತಿ ಕಡೆ ಒಂದು ಹಾಲು ತಂಪು ಮಾಡೋ ಕೇಂದ್ರ. ಅಲ್ಲಿನ ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಮ್ ಒಳಗ ಬಿಸಿ ಓದೋ ಕೋಡ್ ನೋಡ್ಕೊಳ್ಳೋದು ನನ್ನ ಕೆಲಸ, ಮನಿ ಬೈಲಹೊಂಗಲದಾಗ. ಹಾಲು ತುಂಬೋ ಟಾಕಿಯೊಳಗಿನ ಸೆನ್ಸರ್ ಹಾಲು ಎಷ್ಟು ಬಿಸಿ ಐತಿ ಹೇಳಬೇಕು, ಕೋಡ್ ಅದನ್ನ ಕೇಳಿ ತಂಪಿನ ಮಷೀನ್ ನಡಸಬೇಕು. ಫೋನ್ ಗುಂಯ್ ಅಂದ್ರ ಸಾಕು, ಉಣ್ಣೋ ತುತ್ತು ಬಿಟ್ಟು ಏಳಬೇಕು.

ಸೊನ್ನಿ

ಹಿಂದಿದ್ದವ ಬರದ ಕೋಡು ಸೆನ್ಸರ್ ಮಾತಾಡ್ಲಿಲ್ಲಂದ್ರ ಸೊನ್ನಿ ತೋರಸ್ತಿತ್ತು. ಒಂದಿನ ಇಲಿ ಸೆನ್ಸರಿನ ವಾಯರ್ ಕಡೀತು. 'ಇಷ್ಟು ತಂಪು ಸಾಕು' ಅಂತ ಕೋಡು ಮಷೀನ್ ಬಂದ್ ಮಾಡ್ತು. ಕೇಂದ್ರದ ಮ್ಯಾನೇಜರ್ ಸಾಹೇಬ್ರು ಖುಷಿಲೆ ಫೋನ್ ಮಾಡಿದ್ರು.

"ಏನ್ ತಂಪ್ರೀ ಸರ, ಸೊನ್ನಿಗೆ ಬಂದೈತಿ."

"ಹಾಲು ಹೆಂಗೈತ್ರಿ?"

"ಅದು ಒಡದೈತ್ರಿ. ಆದ್ರ ಭಾಳ ತಂಪೈತಿ."

ಗೊತ್ತಿಲ್ಲ

ಇನ್ನೊಮ್ಮೆ ಹಾಲು ಕೆಟ್ರ ನೀ ಮನಿಗೆ ನಡಿ ಅಂತ ಕೇಂದ್ರದ ಮಾಲಕರು ನನಗ ಹೇಳಿದ್ರು. ಹೆದರಿ ಕೋಡ್ ತಿದ್ದಿದೆ. ಸೆನ್ಸರ್ ಸುಮ್ಮನಿದ್ರ ಮತ್ತೊಮ್ಮೆ ಕೇಳೋದು, ಆಗಲೂ ಉತ್ತರ ಬರ್ಲಿಲ್ಲಂದ್ರ ಪರದೆ ಮ್ಯಾಲ 'ಗೊತ್ತಿಲ್ಲ' ಅಂತ ತೋರಿಸಿ ಗಂಟಿ ಬಾರಸೋದು, ಮಷೀನ್ ಮಾತ್ರ ನಡಸ್ತಾ ಇರೋದು.

ಮ್ಯಾನೇಜರ್ ಸಾಹೇಬ್ರಿಗೆ ಸಿಟ್ಟು ಬಂತು. "ಇಷ್ಟು ವರ್ಷ ನೌಕರಿ ಮಾಡೇನ್ರಿ, ಮಾಲಕರ ಮುಂದ ಒಮ್ಮೆರೆ ಗೊತ್ತಿಲ್ಲ ಅಂದಿಲ್ಲ. ಇದಕ್ಕೇನ್ ಧಾಡಿ ಆಗೇತ್ರಿ?"

ಖಂಡೇ ಪೂಜಿ

ಆಯುಧ, ಮಷೀನಿಗೆಲ್ಲಾ ಪೂಜಿ ಮಾಡೋ ಹಬ್ಬದ ದಿನ ಹೋಳಿಗಿ ಉಣ್ಣಾಕ ಕುಂತಿದ್ದೆ. ಫೋನಿನ್ಯಾಗ ಹಾಲು ನಾಲ್ಕು ಡಿಗ್ರಿ. ಛಲೋನ ಐತಿ, ಆದ್ರ ಅಂಕಿ ಅಲುಗಾಡವಲ್ದು. ಹಳ್ಳಿಯಿಂದ ಬಿಸಿ ಹಾಲು ತಂದು ಸುರುವೋ ಹೊತ್ತಿನ್ಯಾಗೂ ನಾಲ್ಕ? ಎಲಿ ಬಿಟ್ಟು ಎದ್ದು ಗಾಡಿ ಹತ್ತಿದೆ. ದಾರಿ ತುಂಬ ಮಾಲಕರ ಮಾರೀನ ಕಣ್ಮುಂದ.

ಹೋಗಿ ನೋಡಿದ್ರ ಸೆನ್ಸರ್ ಟಾಕಿಯಾಗ ಇಲ್ಲ. ಹೊರಗ ತಗದು, ತೊಳದು, ಇಬತ್ತಿ ಕುಂಕುಮ ಹಚ್ಚಿ ಪೂಜಿ ಮಾಡ್ಯಾರ. ಹೊರಗಿನ ಬಿಸಿಲಿಗೆ ಅಂಕಿ ಏರಿ, ಹಾಲು ಬಿಸಿ ಆತಂತ ಗಂಟಿ ಹೊಡಕೊಂಡೈತಿ. ಮಂಗಳಾರತಿ ಹೊತ್ತಿನ್ಯಾಗ ಇದೇನು ರಗಳೆ ಅಂತ ಮ್ಯಾನೇಜರ್ ಸಾಹೇಬ್ರು ಅದನ್ನ ಬರ್ಫ ಹಾಕಿದ ಮಜ್ಜಿಗಿ ತಂಬಿಗಿಯೊಳಗ ಅದ್ದಿ ಇಟ್ಟಾರ. ಗಂಟಿ ನಿಂತೈತಿ, 'ಇಷ್ಟು ತಂಪು ಸಾಕು' ಅಂತ ಅದರ ಸಂಗಟ ಹಾಲಿನ ಮಷೀನೂ ನಿಂತೈತಿ.

ಸೆನ್ಸರ್ ತೊಳದು ಟಾಕಿಗೆ ಇಳಿಬಿಟ್ಟೆ. ಹತ್ತು ಡಿಗ್ರಿ. ಮಷೀನ್ ಗುರ್ ಅಂತ ಚಾಲೂ ಆತು. ಇನ್ನೊಂದೀಟು ತಡ ಆಗಿದ್ರ ಹಾಲೂ ಇಲ್ಲ, ನೌಕರೀನೂ ಇಲ್ಲ. ಅಲ್ಲೇ ನೆಲದ ಮ್ಯಾಲ ಕುಂತಬಿಟ್ಟೆ.

ಸಾಹೇಬ್ರು ಅದ ತಂಬಿಗಿ ನನ್ನ ಮುಂದ ಹಿಡದ್ರು. ಮ್ಯಾಲ ಕುಂಕುಮ ತೇಲತಿತ್ತು.

"ಗಾಬರಿ ಆಗಬ್ಯಾಡ್ರಿ ಸರ, ಕುಡೀರಿ. ಸೆನ್ಸರ್ ಹಾಕಿ ನೋಡೇವಿ, ನಾಲ್ಕ ಡಿಗ್ರಿ ಐತಿ."