ಹುಳಿ ಡ್ರಮ್ಮು

“ನಿನ್ನ ತಲೇನೂ ಈ ಡ್ರಮ್ಮೂ ಒಂದೇ ಕಣಯ್ಯಾ. ಮುಚ್ಚಳ ತೆಗೆದ್ರೆ ಮೂಗು ಮುಚ್ಕೋಬೇಕು!”

ಅರವತ್ತು ಮನೆಗಳ ಕಟ್ಟಡದ ಕಾರ್ಯದರ್ಶಿಗಳು ಹೀಗೆಂದದ್ದು ಬೆಳಗಿನ ಎಂಟಕ್ಕೆ, ಲಿಫ್ಟಿಗೆ ಕಾದಿದ್ದ ಹನ್ನೊಂದು ಜನರೆದುರು. ಅನ್ನಿಸಿಕೊಂಡವನು ಕಟ್ಟಡದ ಕೊಳಚೆನೀರು ಶುದ್ಧಮಾಡುವ ಆಪರೇಟರು. ಎಲ್ಲರ ಬಾಯಲ್ಲಿ ತೊಟ್ಟಿರಾಯ. ಅವರೆಲ್ಲ ಫ್ಲಶ್ ಒತ್ತಿ ಮರೆತದ್ದನ್ನು ದಿನವಿಡೀ ನೆನಪಿಟ್ಟುಕೊಳ್ಳುವವನು ಅವನೊಬ್ಬನೇ.

“ಸಾರ್, ಅದು ಕಸ ಅಲ್ಲ. ತೊಟ್ಟೀಲಿರೋ ಸೂಕ್ಷ್ಮಜೀವಿಗಳಿಗೆ ಊಟ...”

“ನಾವೆಲ್ಲ ದಿನಾ ಕಳಿಸ್ತಿರೋದು ಸಾಲ್ದಾ ಅವಕ್ಕೆ?” ಅಂದರು ಮೂರನೇ ಮಹಡಿಯ ನಿವೃತ್ತ ಮೇಷ್ಟ್ರು. ನಗು ಲಿಫ್ಟಿಗಿಂತ ಮೊದಲೇ ಮೇಲಿನ ಮಹಡಿ ತಲುಪಿತು.

ಸಾಲದು ಎನ್ನುವುದೇ ತೊಟ್ಟಿರಾಯನ ಸಂಕಟ. ನೀರಿನಲ್ಲಿ ನೈಟ್ರೇಟು ಹೆಚ್ಚೆಂದು ಎರಡು ಸಲ ಪರೀಕ್ಷೆ ಫೇಲಾಗಿತ್ತು. ಅದನ್ನು ಒಡೆಯಬೇಕಾದ ಜೀವಿಗಳು ಹುಳಿ ಬಂದ ಊಟ ಬಿದ್ದರೆ ಮಾತ್ರ ಮೈಮುರಿದು ದುಡಿಯುವವು, ಇಲ್ಲದಿದ್ದರೆ ಮುಷ್ಕರ. ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟವನು ಇಷ್ಟನ್ನು ಹರಕು ಕೈಪಿಡಿಯೊಂದರಿಂದ ಅಕ್ಷರ ಕೂಡಿಸಿ ಓದಿಕೊಂಡು, ಹನ್ನೆರಡು ದಿನ ಹಣ್ಣು ತರಕಾರಿ ಸಿಪ್ಪೆಯನ್ನು ಡ್ರಮ್ಮಿನಲ್ಲಿ ಕೊಳೆಹಾಕಿದ್ದ. ಇವತ್ತು ಅದರ ರಸವನ್ನು ಒಂದೊಂದೇ ಮಗ್ಗು ತೊಟ್ಟಿಗೆ ಉಣಿಸಬೇಕು. ಒಟ್ಟಿಗೆ ಸುರಿದರೆ ತೊಟ್ಟಿಗೇ ಅಜೀರ್ಣ. ಸಂಜೆ ನಾಲ್ಕಕ್ಕೆ ಪರೀಕ್ಷೆಯ ಮೇಡಂ ಬರುತ್ತಾರೆ. ಮೂರನೇ ಸಲ ಫೇಲಾದರೆ ಕೆಲಸವೂ ಇಲ್ಲ, ಪಂಪುಮನೆಯ ಹಿಂದೆ ಕೊಟ್ಟಿರುವ ಕೋಣೆಯೂ ಇಲ್ಲ. ಹೆಂಡತಿಗೆ ಏಳು ತಿಂಗಳು.

“ಮೊದ್ಲು ಹೋಗಿ ತೊಟ್ಟಿಗೆ ಗಾಳಿ ಊದೋ ಬ್ಲೋವರ್‌ಗೆ ಬೆಲ್ಟು ತಗೊಂಬಾ” ಎಂದು ಕಾರ್ಯದರ್ಶಿಗಳು ಅಟ್ಟಿದರು. ನಾಲ್ಕು ಅಂಗಡಿ ಸುತ್ತಿ ಬರುವಷ್ಟರಲ್ಲಿ ಹನ್ನೆರಡಾಗಿತ್ತು. ಡ್ರಮ್ಮು ಸ್ನಾನ ಮಾಡಿಸಿದ ಮಗುವಿನಂತೆ ಫಳಫಳ ಹೊಳೆಯುತ್ತ ಬೋರಲಾಗಿ ಬಿಸಿಲು ಕಾಯಿಸುತ್ತಿತ್ತು.

“ರೀ, ಮೇಲಿನ ಮನೆಯೋರು ಬಂದು ಹೊತ್ಕೊಂಡು ಹೋಗಿ ಖಾಲಿ ಮಾಡ್ಕೊಂಡು ಬಂದ್ರು. ಅವ್ರು ಐದು ಜನ, ನಾನೊಬ್ಳು” ಎಂದಳು ಹೆಂಡತಿ. ಆಗಲೇ ಪಾತ್ರೆಗಳನ್ನು ಗೋಣಿಗೆ ತುಂಬುತ್ತಿದ್ದಳು.

ತೊಟ್ಟಿರಾಯ ಬಕೆಟ್ಟು ಹಿಡಿದು ಮನೆಮನೆ ಬಾಗಿಲು ಬಡಿದ. “ಕೊಳೆತದ್ದು ಏನಾದ್ರೂ ಇದ್ಯಾಮ್ಮಾ?” ಒಬ್ಬರು ಬಾಗಿಲು ಹಾಕಿಕೊಂಡರು. ಒಬ್ಬರು ಗಂಡನನ್ನು ತೋರಿಸಿದರು. ಆರನೇ ಮಹಡಿಯ ಅಜ್ಜಿ ಮಾತ್ರ, “ಪಾಪ, ಹಸಿವಾ ಮಗಾ? ಒಳ್ಳೇದೇ ಕೊಡ್ತೀನಿ ತಡಿ” ಎಂದರು. ಬೇಡ ಅಜ್ಜೀ ಎಂದು ಅಂಗಲಾಚಿ, ಕೊಳೆತ ಕುಂಬಳಕಾಯಿಯೊಂದನ್ನು ಇಸಕೊಂಡು ಬಂದು ಡ್ರಮ್ಮಿಗೆ ಹಾಕಿದ. ಅದು ಹುಳಿ ಬರಲು ಇನ್ನೂ ವಾರ ಬೇಕು. ಗಡಿಯಾರ ನಾಲ್ಕು ಹೊಡೆಯಿತು.

ಮೇಡಂ ಸೀಸೆಗೆ ನೀರು ಹಿಡಿದು ಪರೀಕ್ಷೆಯ ರಾಸಾಯನಿಕದ ಹನಿ ಬಿಟ್ಟರು. ಕಳೆದ ಸಲ ಅದು ಬೈಸಿಕೊಂಡ ಮುಖದಂತೆ ಕೆಂಪೇರಿತ್ತು. ತೊಟ್ಟಿರಾಯ ಕಣ್ಣು ಮುಚ್ಚಿದ.

“ಪಾಸು! ಏನ್ರೀ ಮಾಡಿದ್ರಿ?” ಎಂದ ಮೇಡಂ, ಉತ್ತರಕ್ಕೆ ಕಾಯದೆ ಸಹಿ ಹಾಕಿ ಜೀಪು ಹತ್ತಿದರು. ಏನು ಮಾಡಿದೆನೆಂದು ತೊಟ್ಟಿರಾಯನಿಗೂ ಗೊತ್ತಿರಲಿಲ್ಲ.

“ಇವನೇನು ಮಾಡ್ತಾನೆ, ಮಾಡಿದ್ದು ನಾವು!” ಪರೀಕ್ಷೆ ನೋಡಲು ನೆರೆದಿದ್ದವರ ನಡುವಿನಿಂದ ಮೇಷ್ಟ್ರು ಎದೆಯುಬ್ಬಿಸಿದರು. “ಆ ಡ್ರಮ್ಮಿನ ಹೊಲಸನ್ನ, ಬಟ್ಟೆಗೆ ಸಿಡೀಬಾರ್ದು ಅಂತ ಒಂದೊಂದೇ ಮಗ್ಗು, ಮೂರು ಗಂಟೆ ಕೂತು, ನಮ್ಮನೆ ಬಚ್ಚಲಿಗೆ ಚೆಲ್ಲಿದ್ದೀನಿ. ಸೊಂಟ ಬಿದ್ದೋಯ್ತು!”

ತೊಟ್ಟಿರಾಯ ತಲೆಯೆತ್ತಿದ. ಮೇಷ್ಟ್ರ ಬಚ್ಚಲಿನ ಪೈಪು ಮೂರನೇ ಮಹಡಿಯಿಂದ ಗೋಡೆಗುಂಟ ಇಳಿದು, ನೇರ ಅವನ ತೊಟ್ಟಿಗೇ ಬಂದು ಸೇರುತ್ತಿತ್ತು.

“ನೋಡಿದ್ಯಾ?” ಎಂದರು ಕಾರ್ಯದರ್ಶಿಗಳು, ಎಲ್ಲರಿಗೂ ಕೇಳುವಂತೆ. “ಡ್ರಮ್ಮು ಹೋಯ್ತು, ನೀರು ತಿಳಿಯಾಯ್ತು! ಇಷ್ಟು ದಿನ ಕೆಡಿಸ್ತಿದ್ದೋನು ನೀನೇ. ಮುಂದಿನ ತಿಂಗಳೂ ಪರೀಕ್ಷೆ ಇದೆ. ಇನ್ನೊಂದ್ಸಲ ಆ ಹೊಲಸು ಕಾಣಿಸ್ತೋ, ಅವತ್ತೇ ಗಂಟುಮೂಟೆ ಕಟ್ಟು. ಅರ್ಥ ಆಯ್ತಾ?”

ತೊಟ್ಟಿರಾಯನ ಬಾಯಿ ತೆರೆಯಿತು. ನಿಜ ಹೇಳಿದರೆ ನಾಳೆಯಿಂದ ಮೇಷ್ಟ್ರೇ ಆಪರೇಟರು. ಬಾಯಿ ಮುಚ್ಚಿತು.

“ಕೇಳಿದ್ದು ನಿನ್ನನ್ನೇ ಕಣಯ್ಯಾ!”

ಅವನು ಡ್ರಮ್ಮನ್ನು ಹೆಗಲಿಗೇರಿಸಿಕೊಂಡು ಹಿಂದಿರುಗಿ ನೋಡದೆ ಹೊರಟ. ಹೆಜ್ಜೆಹೆಜ್ಜೆಗೂ ಅದರೊಳಗೆ ಅಜ್ಜಿಯ ಕುಂಬಳಕಾಯಿ ಗುಡುಗುಡು ಉರುಳುತ್ತಿತ್ತು.