ಶನಿವಾರದ ಕ್ಯಾಮ್‌ಶಾಫ್ಟು

ಕೋದಂಡಪ್ಪನ ಮೀಸೆಗೆ ಗಂಡಾಂತರ ಬಂದದ್ದು ಒಂದು ಲೋಟ ಕಾಫಿಯಿಂದ. ಬಂಗಾರಪೇಟೆ ಸ್ಟೇಷನ್ ಎದುರಿನ ಜಯರಾಮಪ್ಪನ ಹೋಟೆಲಿನಲ್ಲಿ ಕಾಫಿ ಹೀರುತ್ತಾ, ತನ್ನ ಬಾಡಿಗೆ ಕಾರು ಬೆಳಗಿನ ರೈಲಿಗಿಂತ ಮುಂಚೆ ಚಿನ್ನದ ಗಣಿಯ ಕೋರಮಂಡಲ್ ಸ್ಟೇಷನ್ ಮುಟ್ಟುತ್ತದೆ ಎಂದುಬಿಟ್ಟ.

"ಮುಟ್ಟದಿದ್ರೆ?" ಎಂದ ಜಯರಾಮಪ್ಪ.

"ಮೀಸೆ ಬೋಳಿಸ್ಕೊಂತೀನಿ."

ಹೋಟೆಲಿಗೆ ಹೋಟೆಲೇ ಸಾಕ್ಷಿ. ಪಂದ್ಯ ಭಾನುವಾರಕ್ಕೆ ನಿಶ್ಚಯವಾಯಿತು. ಮುಖದಲ್ಲಿ ಬೇರೇನೂ ಹೇಳಿಕೊಳ್ಳುವಂಥದ್ದಿಲ್ಲದ ಕೋದಂಡಪ್ಪ ಆ ಮೀಸೆಯ ಬಲದಿಂದಲೇ ಬಾಡಿಗೆ ಕೇಳುತ್ತಿದ್ದ. ಅದರ ಬಲದಿಂದಲೇ ಮದುವೆಯೂ ಆಗಿದ್ದ.

ಹಾಗೆಂದು ಅವನು ಸುಮ್ಮನೆ ಜಂಬ ಕೊಚ್ಚಿರಲಿಲ್ಲ. ಸೀಮೆಗೆ ವಾಪಸು ಹೊರಟ ಗಣಿಯ ಬಿಳಿ ದೊರೆಯೊಬ್ಬನಿಂದ ಕೊಂಡ ಸೂಪರ್‌ಚಾರ್ಜರನ್ನು ಕಾರಿಗೆ ಕೂಡಿಸಿದ್ದ. ಕಮ್ಮಾರನ ತಿದಿ ಕುಲುಮೆಗೆ ಊದುವಂತೆ ಅದು ಇಂಜಿನ್ನಿಗೆ ಗಾಳಿ ಊದುತ್ತದೆ. ಆದರೆ ಒಳಗೆ ತಿರುಗುತ್ತಾ ಗಾಳಿಯ ಬಾಗಿಲುಗಳನ್ನು ತೆರೆಯುವ ಉಬ್ಬುಬ್ಬಿನ ಸರಳು, ಕ್ಯಾಮ್‌ಶಾಫ್ಟು, ಸವೆದು ಹೋಗಿತ್ತು. ಇಂಜಿನ್ನು ಬಿಚ್ಚಿಟ್ಟು, ಶನಿವಾರ ಬೆಳಿಗ್ಗೆ ಬಸ್ಸು ಹತ್ತಿ ನಂದಿದುರ್ಗ ಗಣಿಯ ಬಳಿಯ ಮೆಕ್ಯಾನಿಕ್ ಕುಪ್ಪುಸ್ವಾಮಿಯ ಶೆಡ್ಡಿಗೆ ಹೋದ. ಅಲ್ಲಿ ಎರಡು ಶಾಫ್ಟುಗಳಿದ್ದವು. ಒಂದು ರೇಸ್ ಕಾರಿನದು, ಇನ್ನೊಂದು ಫ್ಯಾಕ್ಟರಿಯ ಮಾಮೂಲಿ.

"ರೇಸಿಂದೇ ಕೊಡಣ್ಣ. ಮೀಸೆ ಪ್ರಶ್ನೆ."

"ವೇಂಡಾಂಪ್ಪಾ, ಬ್ಯಾಡ. ಅದು ಎರಡು ಬಾಗ್ಲೂ ಒಟ್ಟಿಗೆ ತೆಗೆದಿಡ್ತದೆ. ನಿನ್ ತಿದಿ ಊದಿದ ಗಾಳಿ ಮುಂಬಾಗ್ಲಲ್ಲಿ ಬಂದು ಇತ್ತಿಲ ಬಾಗ್ಲಲ್ಲಿ ಓಗ್ಬುಡ್ತದೆ. ತಿದಿ ಇರೋ ಇಂಜಿನ್ನಿಗೆ ಮಾಮೂಲಿದೇ ಸರಿ. ಅಗ್ಗಾನೂ ಆಯ್ತು."

ಅಗ್ಗವೆಂದ ಮೇಲೆ ಕೋದಂಡಪ್ಪನಿಗೂ ಅದೇ ಸರಿಯೆನ್ನಿಸಿತು. ಶಾಫ್ಟನ್ನು ಹೆಗಲಿಗೇರಿಸಿ, ಪಕ್ಕದ ಗಣಿ ಕಾರ್ಮಿಕರ ಲೈನಿನಲ್ಲಿದ್ದ ಅತ್ತೆ ಪಾಪಕ್ಕನ ಮನೆಗೆ ಊಟಕ್ಕೆ ಹೋದ. ಪಾಪಕ್ಕ ಬಾಗಿಲಲ್ಲೇ ತಡೆದಳು.

"ಅಯ್ಯೋ ಅಳಿಯಂದ್ರೇ, ಶನಿವಾರ ಯಾರಾದ್ರೂ ಕಬ್ಣ ಕೊಂಡ್ಕೊಂತಾರಾ? ಶನಿಮಾತ್ಮ ಬೆನ್ನತ್ತಿ ಮನೆಗೇ ಬತ್ತಾನೆ."

"ನಾಳೇನೇ ಪಂದ್ಯ ಅತ್ತೆ. ಇವತ್ತೇ ಕೂಡಿಸ್ಬೇಕು."

ಪಾಪಕ್ಕ ಯೋಚಿಸಿದಳು. "ಅಂಗಾದ್ರೆ ಅದು ಕಬ್ಣ ಅಂತ ಶನಿಗೆ ಗೊತ್ತಾಗ್ಬಾರ್ದು."

ಅಳಿಯ ಮುದ್ದೆ ಮುಗಿಸುವಷ್ಟರಲ್ಲಿ ಶಾಫ್ಟಿಗೆ ತುದಿಯಿಂದ ತುದಿಗೆ ಎಣ್ಣೆಯಲ್ಲಿ ಕಲಸಿದ ಅರಿಸಿನ ಮೆತ್ತಿ ಉಜ್ಜಿದ್ದಳು. ಬಿಸಿಲಲ್ಲಿ ಅದು ಥಳಥಳ ಹೊಳೆಯುತ್ತಿತ್ತು. ತನ್ನ ಹಳೆಯ ರೇಷ್ಮೆ ಸೀರೆಯ ತುಂಡಿನಲ್ಲಿ ಸುತ್ತಿಕೊಟ್ಟು, "ಮನೆ ಸೇರೋಗಂಟ ಕಬ್ಣ ಅಂತ ಬಾಯ್ಬಿಡ್ಬೇಡಿ. ಬಿಟ್ರೆ ನನ್ ಮಗಳ ತಾಳಿಗೇ ಕುತ್ತು" ಎಂದಳು. ಮಗಳ ತಾಳಿಯೆಂದರೆ ತನ್ನ ಪ್ರಾಣವೇ ಎಂಬುದು ಕೋದಂಡಪ್ಪನಿಗೆ ಬಸ್ಸು ಹತ್ತಿದ ಮೇಲೆ ಹೊಳೆಯಿತು.

ಗಣಿ ಗೇಟಿನ ಬಳಿ ಬಸ್ಸು ನಿಂತಿತು. ಚಿನ್ನ ಕದ್ದು ಸಾಗಿಸುವವರನ್ನು ಹುಡುಕುವ ಕಾವಲಿನ ಮುನಿಸ್ವಾಮಪ್ಪ ಹತ್ತಿ ಬಂದು ಗಂಟು ಎತ್ತಿದ. ಕೈ ಜಗ್ಗಿತು.

"ಏನಿದು?"

"ಏಳಂಗಿಲ್ಲ ಸ್ವಾಮಿ."

"ಏಳಂಗಿಲ್ಲ ಅಂದ್ರೆ?"

"ಮನೆಗೋದ್ ಮೇಲೆ ಏಳ್ತೀನಿ."

ಮುನಿಸ್ವಾಮಪ್ಪ ರೇಷ್ಮೆ ಸರಿಸಿದ. ಹಳದಿ ಮಿರುಗಿತು. ಬಸ್ಸಿನಲ್ಲಿದ್ದವರೆಲ್ಲ ಬಾಯಿ ತೆರೆದು ಕುಳಿತರು. ಕಾಫಿಬೀಜದ ಚೀಲ ತಬ್ಬಿಕೊಂಡು ಹಿಂದಿನ ಸೀಟಿನಲ್ಲಿದ್ದ ಜಯರಾಮಪ್ಪ ಎದ್ದೇ ನಿಂತ.

"ಲೇ ಕೋದಂಡ, ಇಷ್ಟ್ ಬಂಗಾರ ಇಟ್ಕೊಂಡು ಮೀಸೆ ಯಾಕ್ಲಾ ಪಂದ್ಯ ಕಟ್ಟಿದೆ?"

ಕಬ್ಬಿಣವೆಂದರೆ ಪ್ರಾಣ ಹೋಗುತ್ತದೆ, ಎನ್ನದಿದ್ದರೆ ಜೈಲು. ಮುನಿಸ್ವಾಮಪ್ಪ ಕೋದಂಡಪ್ಪನನ್ನು ಗಂಟಿನ ಸಮೇತ ಇಳಿಸಿಕೊಂಡ. ಜಯರಾಮಪ್ಪನನ್ನೂ ಸುದ್ದಿಯನ್ನೂ ಹೊತ್ತು ಬಸ್ಸು ಬಂಗಾರಪೇಟೆಗೆ ಹೊರಟಿತು.

ಕಾವಲು ಕೋಣೆಯಲ್ಲಿ ಅಧಿಕಾರಿ ಬೆರಳಿನಿಂದ ಉಜ್ಜಿದ. ಅರಿಸಿನ ಹೋಗಿ ಕಪ್ಪು ಕಂಡಿತು. ಬದುಕಿದೆ ಎಂದುಕೊಂಡ ಕೋದಂಡಪ್ಪ. ಅಧಿಕಾರಿ ನಕ್ಕ.

"ಮೇಲೆ ಕಬ್ಬಿಣ, ಒಳಗೆ ಚಿನ್ನ. ಇಂಥವು ನಾವು ಎಷ್ಟು ನೋಡಿಲ್ಲ? ಗರಗಸ ತನ್ನಿ."

ಕೋದಂಡಪ್ಪ ಶನಿಯನ್ನೂ ಮರೆತು, "ಸ್ವಾಮಿ, ಅದು ಕಬ್ಣಾನೇ, ಒಳಗೂ ಕಬ್ಣ, ಬರೀ ಕಬ್ಣ" ಎಂದು ಅಂಗಲಾಚಿದ.

"ಆಗ್ಲೇ ಕೇಳಿದಾಗ ಹೇಳ್ಲಿಲ್ಲ. ಈಗ ಎಲ್ಲಿಂದ ಬಾಯಿ ಬಂತು?"

ಗರಗಸ ಆಡಿತು. ಶಾಫ್ಟು ಎರಡಾಯಿತು. ಒಳಗೂ ಕಬ್ಬಿಣವೇ ಇತ್ತು. ಅಧಿಕಾರಿ ತುಂಡುಗಳನ್ನು ಅದೇ ರೇಷ್ಮೆಯಲ್ಲಿ ಸುತ್ತಿಸಿ, "ಹೋಗಬಹುದು" ಎಂದ.

ಸಂಜೆ ಬಂಗಾರಪೇಟೆಯಲ್ಲಿ ಇಳಿದವನ ಎದುರಿಗೆ ಜಯರಾಮಪ್ಪ ಓಡಿ ಬಂದ. ತುಂಡುಗಳನ್ನು ನೋಡಿ ಅವನ ಮುಖ ಬಾಡಿತು.

"ನಾನ್ ಬಾಯಾಕಿದ್ದಕ್ಕೆ ಇಂಗಾಯ್ತಲ್ಲೋ. ಪಂದ್ಯ ಬಿಟ್ಟಾಕ್ಲಾ. ಮೀಸೆ ನಿನ್ ತಾವೇ ಇರ್ಲಿ."

ಕೋದಂಡಪ್ಪನ ಕಣ್ಣು ತುಂಬಿ ಬಂತು. ಮೀಸೆ ಸವರಿಕೊಳ್ಳುತ್ತಾ ಮನೆಗೆ ನಡೆದ. ಹೆಂಡತಿ ನರಸಮ್ಮ ಅತ್ತು ಅತ್ತು ಮುಖ ಊದಿಸಿಕೊಂಡಿದ್ದಳು. ಅವನನ್ನು ಕಂಡದ್ದೇ ದೇವರ ಪಟಕ್ಕೆ ಕೈಮುಗಿದಳು.

"ತಿಮ್ಮಪ್ಪ ಕೈಬಿಡ್ಲಿಲ್ಲ. ನಿಮ್ಮನ್ನ ಇಡ್ಕೊಂಡ್ರು ಅಂತ ಸುದ್ದಿ ಬಂದಿದ್ದೇ, ಬಿಟ್ಟು ಕಳಿಸಿದ್ರೆ ಬಂಗಾರು ತಿರುಪತೀಲಿ ಮುಡಿ ಕೊಡ್ತೀನಂತ ಅರಕೆ ಒತ್ಕೊಂಡೆ. ನಾಳೆ ಬೆಳಗಿನ ರೈಲಿಗೇ ಕೋರಮಂಡಲ್‌ಗಂಟ ಓಗಿ, ಅಲ್ಲಿಂದ ಬಸ್ಸಿಡಿಯೋಣ."

"ಒಳ್ಳೇದೇ ಮಾಡ್ದೆ. ನಿನ್ ಮುಡೀನಾ?"

"ನಂದ್ಯಾಕೆ? ಇಡ್ಕೊಂಡಿದ್ದು ನಿಮ್ಮನ್ನಲ್ವಾ?"

ಕೋದಂಡಪ್ಪ ತಲೆ ಮುಟ್ಟಿಕೊಂಡ. "ಓಗ್ಲಿ ಬಿಡು. ತಲೆ ಕೂದ್ಲು ತಾನೇ."

"ತಲೆ ಒಂದೇ ಕೊಟ್ರೆ ದ್ಯಾವ್ರು ಒಪ್ತಾನಾ? ಚಿನ್ನ ಕದ್ದ ಕೇಸು. ಮೀಸೆ ಸಮೇತ ಅಂದಿದೀನಿ."

ಮರುದಿನ ಕೋದಂಡಪ್ಪ ಬೆಳಗಿನ ರೈಲಿಗೆ ಸರಿಸಮನಾಗಿಯೇ ಕೋರಮಂಡಲ್ ಮುಟ್ಟಿದ. ರೈಲಿನೊಳಗೆ, ಕಿಟಕಿಯ ಪಕ್ಕ, ಎರಡೂ ಕೈಯಲ್ಲಿ ಮೀಸೆ ಹಿಡಿದುಕೊಂಡು ಕುಳಿತಿದ್ದ.